ಡಿಸೆಂಬರ್ ಸಂಗೀತ ಸೀಸನ್‌ನಲ್ಲಿ ಚೆನ್ನೈ, ಕೈಯಲ್ಲಿರುವುದು ಒಂದೇ ಸಂಜೆ: ಗಂಡ ಹೆಂಡತಿ ಹೋಗಿ ಬಂದವರು ಅನುಭವ ಹೇಳಿ

ವಿನೋಬನಗರ, ಶಿವಮೊಗ್ಗ:
ನನ್ನ ಹೆಂಡತಿ ಮದುವೆಗೆ ಮೊದಲು ಸೀನಿಯರ್‌ವರೆಗೆ ಸಂಗೀತ ಕಲಿತವಳು. ಆಮೇಲೆ ಮನೆ, ಮಕ್ಕಳು ಅಂತ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಈ ಸಲ ಮದುವೆಯ ಹದಿನೈದನೇ ವರ್ಷದ ನೆಪದಲ್ಲಿ ಅವಳನ್ನು ಚೆನ್ನೈ ಸೀಸನ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಬೆಂಗಳೂರಿನಿಂದ ಬೆಳಗಿನ ವಂದೇ ಭಾರತ್, ಮಧ್ಯಾಹ್ನ ಸೆಂಟ್ರಲ್, ಮರುದಿನ ವಾಪಸ್. ಮೈಲಾಪುರದ ದೇವಸ್ಥಾನ, ಒಂದು ಒಳ್ಳೆ ಸಂಗೀತ ಕಚೇರಿ, ರಾತ್ರಿ ಬೀಚ್. ಇಷ್ಟೂ ಆಗುತ್ತಾ? ಅವಳಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ.

ಸಾಗರ ತೋಟದವ:
ಮೊದಲು ಟಿಕೆಟ್, ಆಮೇಲೆ ಉಳಿದದ್ದು. ನಾನು ಉಲ್ಟಾ ಮಾಡಿದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡು ವರ್ಷದ ಹಿಂದೆ ಅಡಿಕೆ ಕೊನೆ ಕೊಯ್ಲು ಜೋರಾಗಿ ನಡೆಯುವಾಗಲೇ ಹೊರಟೆವು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಹೇಳಿ ಹೇಳಿ ಎರಡು ದಿನ ಮುಂದೆ ಹಾಕಿಸಿದ್ದೆ. ಲಾಡ್ಜ್ 3,200. ಸೆಂಟ್ರಲ್‌ನಿಂದ ಮೈಲಾಪುರಕ್ಕೆ ಆಟೋ ಮಾತಾಡಿದ್ದು 300, ಇಳಿಯುವಾಗ ಬ್ಯಾಗಿಗೆ ಬೇರೆ, ಟ್ರಾಫಿಕ್‌ಗೆ ಬೇರೆ ಅಂತ 450 ತಗೊಂಡ. ಆಮೇಲೆ ಗೊತ್ತಾಯ್ತು, ಸೆಂಟ್ರಲ್ ಎದುರಿಗೇ ಪಾರ್ಕ್ ಟೌನ್ ಸ್ಟೇಷನ್ ಇದೆ, ಅಲ್ಲಿಂದ ಮೈಲಾಪುರದ ತಿರುಮಯಿಲೈ ಸ್ಟೇಷನ್‌ವರೆಗೆ ಲೋಕಲ್ ರೈಲಿಗೆ ಐದು ಹತ್ತು ರೂಪಾಯಿಯ ಮಾತು. ಮೂರು ಗಂಟೆಗೆ ಮರೀನಾ ಲೈಟ್‌ಹೌಸ್ ಹತ್ತಿದೆವು. ಲಿಫ್ಟ್ ಇದೆ, ಸೋಮವಾರ ಮಾತ್ರ ರಜೆ. ಮೇಲಿಂದ ನೋಡಿದರೆ ಬೀಚ್ ಉದ್ದಕ್ಕೂ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಅಲ್ಲಿಂದ ದೇವಸ್ಥಾನ, ಅಲ್ಲಿ ಕಾಫಿ, ಕಚೇರಿ ನಡೆಸುವ ಸಂಗೀತ ಸಭಾದ ಮುಂದೆ ನಿಂತಾಗ ಆರೂ ಕಾಲು. ಹೌಸ್‌ಫುಲ್. ಅಂಥ ಹಿರಿಯರ ಕಚೇರಿಗೆ ಜನ ಬೆಳಿಗ್ಗೆಯಿಂದಲೇ ಸಾಲು ನಿಂತಿದ್ದರಂತೆ.

ನನ್ನಾಕೆ ಗೇಟಿನ ಹತ್ತಿರ ನಿಂತು ಯಾವ ರಾಗ ಅಂತ ಕಿವಿ ಕೊಟ್ಟಿದ್ದಳು. ಎಸಿ ಹಾಲ್, ಬಾಗಿಲು ಹಾಕಿತ್ತು. ಚಪ್ಪಾಳೆ ಮಾತ್ರ ಕೇಳಿಸಿತು. ಬಸ್ಸು, ರೈಲು, ಊಟ ಎಲ್ಲ ಸೇರಿ 11,840 ಖರ್ಚು. ಊರಿಗೆ ಬಂದರೆ ಎರಡು ದಿನದ ಮೋಡಕ್ಕೆ ಅಂಗಳದಲ್ಲಿ ಹರವಿದ್ದ ಅಡಿಕೆಗೆ ಬೂಷ್ಟು ಹಿಡಿದಿತ್ತು.

ತೀರ್ಥಹಳ್ಳಿ ಅಕ್ಕ:
ಸಾಗರದವರೇ, ಬೇಜಾರು ಮಾಡ್ಕೋಬೇಡಿ, ಸೀಸನ್‌ಗೆ ಹೋದವರು ಮಧ್ಯಾಹ್ನ ಪೂರ್ತಿ ಲೈಟ್‌ಹೌಸ್ ಅಂತ ಕೂತರೆ ಟಿಕೆಟ್ ಎಲ್ಲಿಂದ ಸಿಗಬೇಕು?

ನಾವು ದೊಡ್ಡ ಹೆಸರಿನ ಹಿಂದೆ ಹೋಗಲೇ ಇಲ್ಲ. ಮಧ್ಯಾಹ್ನದ ಕಚೇರಿಗಳು ಎಷ್ಟೋ ಸಭಾಗಳಲ್ಲಿ ಉಚಿತ. ಈಗ ಮೇಲೆ ಬರುತ್ತಿರುವ ಹುಡುಗ ಹುಡುಗಿಯರು ಹಾಡ್ತಾರೆ, ಹಾಲ್‌ನಲ್ಲಿ ಮೂವತ್ತು ನಲವತ್ತು ಜನ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಪಿಟೀಲಿನ ಹುಡುಗಿ ಒಂದು ತಂತಿ ಇಳಿದಾಗ ಕಮಾನು ನಿಲ್ಲಿಸದೆ ಎಡಗೈಯಲ್ಲೇ ಬಿರಡೆ ತಿರುಗಿಸಿ ಸರಿ ಮಾಡಿಕೊಂಡಳು, ಹಾಡುವವಳು ತಿರುಗಿ ನೋಡಿ ನಕ್ಕಳು. ಹಿಂದಿನ ಸಾಲಿನಲ್ಲಿ ಕೂತಿದ್ದರೆ ಇದು ಕಾಣುತ್ತಿತ್ತಾ?

ಊಟದ ವಿಷಯ. ಸಭಾ ಕ್ಯಾಂಟೀನ್ ಬಿಡಲೇಬೇಡಿ. ಬಾಳೆ ಎಲೆ ಊಟ ಇಬ್ಬರಿಗೆ 900 ಆಯ್ತು, ಹಿಂದಿನ ದಿನ ಕ್ಯೂನಲ್ಲಿ ನಲವತ್ತು ನಿಮಿಷ ನಿಂತು ಸಾಕಾಗಿ ಒಂದು ಉಪಾಯ ಕಲಿತೆವು. ತನಿ, ಅಂದರೆ ಹಾಡು ನಿಲ್ಲಿಸಿ ಮೃದಂಗದವರಿಗೇ ಬಿಡುವ ಭಾಗ, ಶುರುವಾದ ಕೂಡಲೇ ಎದ್ದು ಹೋದರೆ ಟೇಬಲ್ ಖಾಲಿ ಇರುತ್ತದೆ. ನಮ್ಮನೆಯವರನ್ನು ಮುಂದೆ ಕಳಿಸಿ ಜಾಗ ಹಿಡಿಸಿದೆ. ವಾಪಸ್ ಬಂದಾಗ ದಾಸರ ಪದ ಹಾಡುತ್ತಿದ್ದರು. ನಮ್ಮ ಆರಗದ ದಾಸರ ಪದ ಅಷ್ಟು ದೂರದಲ್ಲಿ ಕೇಳಿ ಕಣ್ಣು ತುಂಬಿ ಬಂತು.

ಭದ್ರಾವತಿ ನ್ಯೂಟೌನ್:
ಅವರು ಕೇಳಿದ್ದು ಗಂಡ ಹೆಂಡತಿಯ ಒಂದು ಸಂಜೆ. ನೀವು ಸಭಾ, ಸಾಲು, ಕ್ಯಾಂಟೀನ್ ಅಂತೀರ. ಮೂರು ಗಂಟೆ ಕೂತು ತೊಡೆ ಮೇಲೆ ತಾಳ ಹಾಕೋದು ಎಲ್ಲರಿಗೂ ಆಗಲ್ಲ ಮಾರಾಯ್ರೆ.

ನಾವು ಹೋಗಿದ್ದು ಒಂದು ದೊಡ್ಡ ಹೋಟೆಲಿನ ಲೈವ್ ಬ್ಯಾಂಡ್‌ಗೆ. ಜೋಡಿಗೆ 3,500 ಒಳಗೆ ಹೋಗೋಕೆ, ಅದು ಊಟದ ಬಿಲ್ಲಿಗೆ ಸೇರುತ್ತದೆ ಅಂದರು, ಸೇರಿಸಿಯೂ 2,260 ಮೇಲೆ ಕೊಟ್ಟೆ. ಚಪ್ಪಲಿ ಹಾಕಿದ್ದೆ ಅಂತ ಬಾಗಿಲಲ್ಲೇ ತಡೆದರು. ಓಡಿ ಹೋಗಿ 1,899ಕ್ಕೆ ಶೂ ತಗೊಂಡೆ, ಸೈಜ್ ಸರಿಯಿಲ್ಲ, ಹಿಮ್ಮಡಿ ಸುಲಿಯಿತು. ಒಂಬತ್ತಕ್ಕೆ ಅಂದ ಬ್ಯಾಂಡ್ ಹತ್ತಕ್ಕೆ ಶುರುವಾಯ್ತು. ಆದರೆ ಹಳೆ ತಮಿಳು ಹಾಡು ಎತ್ತಿಕೊಂಡರು ನೋಡಿ, ನನ್ನ ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ನಾಲ್ಕು ಜನರ ಎದುರು ಎದ್ದು ಕುಣಿದಳು. ಆ ದುಡ್ಡಿನ ಬಗ್ಗೆ ನನಗೆ ಒಂದು ಚೂರೂ ಬೇಜಾರಿಲ್ಲ.

ತೀರ್ಥಹಳ್ಳಿ ಅಕ್ಕ:
ಬ್ಯಾಂಡ್ ಬೆಂಗಳೂರಿನಲ್ಲೂ ಸಿಗುತ್ತದೆ, ಅದಕ್ಕೆ ಚೆನ್ನೈ ಯಾಕೆ? 1927ರ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದಿಂದ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಅಲ್ಲಿಂದ ಬೆಳೆದದ್ದು ಈ ಸೀಸನ್. ಯುನೆಸ್ಕೋ 2017ರಲ್ಲಿ ಸಂಗೀತ ನಗರ ಅಂತ ಸೇರಿಸಿಕೊಂಡದ್ದೂ ಇದನ್ನೆಲ್ಲ ನೋಡಿಯೇ, ಹೋಟೆಲಿನ ಬ್ಯಾಂಡ್ ನೋಡಿ ಅಲ್ಲ.

ಭದ್ರಾವತಿ ನ್ಯೂಟೌನ್:
ಸಿನಿಮಾ ಸಂಗೀತ ಸಂಗೀತ ಅಲ್ವಾ ಹಾಗಾದರೆ? ಎಷ್ಟೋ ವರ್ಷ ನಮ್ಮ ಕನ್ನಡ ಸಿನಿಮಾ ಹಾಡುಗಳೂ ಅದೇ ಮದ್ರಾಸಿನಲ್ಲಿ ರೆಕಾರ್ಡ್ ಆಗಿದ್ದು. ನನ್ನ ಹೆಂಡತಿಯ ಖುಷಿಯನ್ನು ಕಡಿಮೆ ಮಾಡಿ ಮಾತಾಡಬೇಡಿ ಅಕ್ಕ.

ಕೊಪ್ಪ:
ಒಂದು ನಿಮಿಷ, 'ಆರಗದ ದಾಸರು' ಅಂದರೆ? ಪುರಂದರದಾಸರು ಪುಣೆ ಹತ್ತಿರದ ಪುರಂದರಗಡದವರು ಅಂತಲ್ವಾ ನಾವು ಶಾಲೆಯಲ್ಲಿ ಓದಿದ್ದು?

ತೀರ್ಥಹಳ್ಳಿ ಅಕ್ಕ:
ಶಾಲೆಯಲ್ಲಿ ಓದಿದ್ದೇ ಕೊನೆ ಅಲ್ಲ. ಸರ್ಕಾರ ನೇಮಿಸಿದ ತಜ್ಞರ ಸಮಿತಿಯೇ ನಮ್ಮ ತಾಲೂಕಿನ ಆರಗದ ಕಡೆ ಬೆರಳು ತೋರಿಸಿದೆ. ಆರಗ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯ ಊರು, ವ್ಯಾಪಾರದ ಜಾಗ. ಪಕ್ಕದ ಕೊಪ್ಪದಲ್ಲಿ ಕೂತು ನೀವೇ ಹೀಗೆ ಕೇಳಿದರೆ?

ಕೊಪ್ಪ:
ಸಮಿತಿ ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ. ಊರಿನ ಅಭಿಮಾನ ಬೇರೆ, ಸಾಕ್ಷಿ ಬೇರೆ. ದಾಸರು ಎಲ್ಲಿ ಹುಟ್ಟಿದರೂ ಅವರು ಹಾಕಿಕೊಟ್ಟ ಮೊದಲ ಪಾಠ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲೇ ಶುರು ಮಾಡಬೇಕು.

ಗಾಂಧಿನಗರ ಮೃದಂಗ:
ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ತೀರ್ಥಹಳ್ಳಿ ಅಕ್ಕ, ತನಿಗೆ ಎದ್ದು ಹೋಗೋದನ್ನು ಉಪಾಯ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ತಡೆಯಲಾಗಲಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ನುಡಿಸುತ್ತಿದ್ದೇನೆ. ಹೆಚ್ಚಾಗಿ ನಮ್ಮ ಕಡೆಯ ರಾಮನವಮಿ, ಗಣಪತಿ ಕಾರ್ಯಕ್ರಮಗಳು. ಚೆನ್ನೈಯಲ್ಲಿ ಒಂದೇ ಒಂದು ಸಲ, ಮಧ್ಯಾಹ್ನದ ಸಣ್ಣ ಕಚೇರಿಗೆ. ಕೈಯಿಂದ 6,700 ಹಾಕಿಕೊಂಡು ಹೋಗಿದ್ದೆ. ಅದರಲ್ಲಿ ಮೃದಂಗದ ಬಲಂತಲೆಗೆ, ಅಂದರೆ ಬಲಬದಿಗೆ, ಹೊಸ ಚರ್ಮದ ಮುಚ್ಚಿಗೆಯೇ 1,800. ಸಮುದ್ರದ ಥಂಡಿ ಗಾಳಿಗೆ ಶ್ರುತಿ ಇಳಿಯುತ್ತಲೇ ಇತ್ತು, ಕಲ್ಲು ಹಿಡಿದು ಬಡಿದು ಬಡಿದು ಏರಿಸುತ್ತಿದ್ದೆ. ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಹೊಂದಿಕೊಂಡು ನುಡಿಸುವವನಿಗೆ ಸ್ವಂತ ಅಂತ ಸಿಗೋದು ಆ ಹತ್ತು ನಿಮಿಷ. ಅವತ್ತು ತನಿ ಎತ್ತಿಕೊಂಡೆ. ಮುಂದಿನ ಎರಡು ಸಾಲು ಎದ್ದವು. ತನಿ ಮುಗಿಸುವ ಮೋರಾ ಹೊತ್ತಿಗೆ ಹಾಲ್‌ನಲ್ಲಿ ಹನ್ನೊಂದು ಜನ ಇದ್ದರು, ಎಣಿಸಿದ್ದೇನೆ. ಅದರಲ್ಲಿ ಒಬ್ಬ ಮುದುಕರು ಮಾತ್ರ ಕೈಯಲ್ಲಿ ಕೊನೆವರೆಗೆ ತಾಳ ಹಾಕುತ್ತಿದ್ದರು. ಅವರ ಮುಖ ನೋಡಿಕೊಂಡೇ ಮುಗಿಸಿದೆ.

ತೀರ್ಥಹಳ್ಳಿ ಅಕ್ಕ:
ಹಸಿವಾದರೆ ಏನು ಮಾಡೋದು ಹೇಳಿ. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ, ಟೈಮಿಗೆ ಊಟ ಆಗಲೇಬೇಕು. ಆದರೆ ನಿಮ್ಮ ಮಾತು ಮನಸ್ಸಿಗೆ ನಾಟಿತು. ಮುಂದಿನ ಸಲ ಮೊದಲೇ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗ್ತೀನಿ.

ವಿನೋಬನಗರ, ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಮಂಡಿನೋವಿನ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಚಿಂತೆ.

ಸಾಗರ ತೋಟದವ:
ಕ್ಷಮಿಸಿ ಸಾರ್, ನನ್ನ ಸಂಕಟದಲ್ಲಿ ನಿಮ್ಮದು ಮರೆತೇ ಹೋಯ್ತು. ಹಾಗಾದರೆ ಆ ಲೋಕಲ್ ರೈಲು ಬೇಡ, ಹತ್ತಿ ಇಳಿಯೋಕೆ ಮೆಟ್ಟಿಲು ಜಾಸ್ತಿ. ಆಟೋವನ್ನು ಆ್ಯಪ್‌ನಲ್ಲೇ ಬುಕ್ ಮಾಡಿ. ದೇವಸ್ಥಾನ ಸಂಜೆ ನಾಲ್ಕರ ಮೇಲೆ ನೋಡಿ ಸೀದಾ ಕಚೇರಿಗೆ ಹೋಗಿ, ಟಿಕೆಟ್ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ತಗೊಂಡು ಹೋಗಿ. ಬಾಲ್ಕನಿ ಬೇಡ, ಕೆಳಗಿನ ತುದಿ ಸೀಟು ತಗೊಳ್ಳಿ, ಕಾಲು ಚಾಚಬಹುದು. ಮರೀನಾದಲ್ಲಿ ರಸ್ತೆಯಿಂದ ನೀರಿನವರೆಗೆ ಮರಳು ತುಂಬಾ ದೂರ, ಮಂಡಿ ಎಳೆಯುತ್ತದೆ. ವಿವೇಕಾನಂದರ್ ಇಲ್ಲಂ ಅನ್ನುವ ಕಟ್ಟಡದ ಹತ್ತಿರ ಗಾಲಿಕುರ್ಚಿಯವರಿಗೆ ಅಂತ ಮರದ ದಾರಿ ಮಾಡಿದ್ದಾರೆ. 2022ರ ಮಾಂಡೌಸ್ ಚಂಡಮಾರುತಕ್ಕೆ ಕಿತ್ತುಹೋಗಿತ್ತು, ಮತ್ತೆ ಸರಿ ಮಾಡಿದರು. ಆದರೆ ತಡ ಮಾಡಬೇಡಿ, ಹತ್ತರ ಹೊತ್ತಿಗೆ ನಮ್ಮನ್ನು ಪೊಲೀಸರು ಎಬ್ಬಿಸಿ ಕಳಿಸಿದರು.

ಗಾಂಧಿನಗರ ಮೃದಂಗ:
ತುದಿ ಸೀಟು ಸರಿ, ಆದರೆ ನಡುವಿನ ದಾರಿಯ ಪಕ್ಕದ್ದು ಬೇಡ. ತನಿ ಶುರುವಾದಾಗ ಎದ್ದು ಹೋಗುವವರೆಲ್ಲ ನಿಮ್ಮ ಮನೆಯವರ ಮಂಡಿ ತಾಗಿಸಿಕೊಂಡೇ ಹೋಗುತ್ತಾರೆ. ಗೋಡೆ ಕಡೆಯ ತುದಿ ನೋಡಿ ಬುಕ್ ಮಾಡಿ.