ದಕ್ಷಿಣ ಕನ್ನಡದಷ್ಟೇ ಜನ ಇರುವ ಸ್ಲೊವೇನಿಯಾ ವಾಲಿಬಾಲ್‌ನಲ್ಲಿ ಇಷ್ಟು ಮುಂದೆ ಹೇಗೆ ಬಂತು? ಚಿನ್ನ ಮಾತ್ರ ಯಾಕೆ ಸಿಕ್ಕಿಲ್ಲ?

ಕಡಬ_ಕೋರ್ಟ್

ನಮಸ್ಕಾರ ಎಲ್ಲರಿಗೂ. ನಾನು ಕಡಬದ ಹತ್ತಿರದವನು, ಸಂಜೆ ಹೊತ್ತು ಊರಿನ ಹುಡುಗರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಕಳೆದ ವಾರ ಆಟ ಮುಗಿಸಿ ನೆಟ್ ಬಿಚ್ಚುವಾಗ ಒಬ್ಬ ಹುಡುಗ ಕೇಳಿದ, "ಸರ್, ಸಣ್ಣ ಜಾಗದವರು ದೊಡ್ಡವರ ಎದುರು ಎಷ್ಟು ದೂರ ಹೋಗಬಹುದು?" ನನಗೆ ತಕ್ಷಣ ನೆನಪಾದದ್ದು ಸ್ಲೊವೇನಿಯಾ. ಆ ದೇಶದ ಜನಸಂಖ್ಯೆ ಸುಮಾರು 21 ಲಕ್ಷ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲೇ 20 ಲಕ್ಷ ದಾಟಿತ್ತು. ಅಂದರೆ ಒಂದು ಜಿಲ್ಲೆ ಹೋಗಿ ಬ್ರೆಜಿಲ್, ಇಟಲಿ, ಪೋಲೆಂಡ್ ಜೊತೆ ಆಡಿದ ಹಾಗೆ ಅಲ್ವಾ.

ಅವರ ಪುರುಷರ ಟೀಮ್ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ 2015, 2019, 2021 ಮೂರೂ ಸಲ ಫೈನಲ್ ಆಡಿದೆ, ಮೂರೂ ಸಲ ಬೆಳ್ಳಿ. 2023ರಲ್ಲಿ ಕಂಚು. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕನೇ ಸ್ಥಾನ. ಪ್ರತಿ ವರ್ಷ ದೊಡ್ಡ ದೇಶಗಳ ಟೀಮ್‌ಗಳು ಆಡುವ ನೇಷನ್ಸ್ ಲೀಗ್‌ನಲ್ಲಿ 2021, 2024, 2025 ಮೂರೂ ಸಲ ನಾಲ್ಕನೇ ಸ್ಥಾನ. ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, "ಹಾಗಾದ್ರೆ ಚಿನ್ನ ಯಾಕೆ ಬರಲಿಲ್ಲ ಸರ್?" ಅಂದ. ಅದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಈ ಟೀಮನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಲಿಫ್ಟರ್_7

ಒಳ್ಳೆ ಪ್ರಶ್ನೆ. ಯೂನಿವರ್ಸಿಟಿ ಮಟ್ಟದಲ್ಲಿ ಲಿಫ್ಟರ್ (ಅಟ್ಯಾಕರ್‌ಗೆ ಚೆಂಡು ಎತ್ತಿಕೊಡುವವನು) ಆಗಿ ಆಡಿದವನು ನಾನು, ಈ ಟೀಮನ್ನು 2015ರಿಂದ ಬಿಡದೆ ನೋಡುತ್ತಿದ್ದೇನೆ.

ಮುಂದೆ ಬಂದದ್ದು ಹೇಗೆ ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅಂದರೆ ಅವರು ತಮ್ಮ ದೇಶದೊಳಗೇ ಕೂತು ದೊಡ್ಡವರಾಗಲು ಹೋಗಲಿಲ್ಲ. ಅಲ್ಲಿನ ಲೀಗ್ ಸಣ್ಣದು. ಎಸಿಎಚ್ ವಾಲಿ ಅಂತ ಒಂದು ಕ್ಲಬ್ ಇದೆ, ಮೊದಲು ಬ್ಲೆಡ್ ಊರಿನ ಹೆಸರಲ್ಲಿ ಆಡುತ್ತಿತ್ತು, ಈಗ ರಾಜಧಾನಿ ಲುಬ್ಲಿಯಾನಾದಲ್ಲಿದೆ. ಆ ಕ್ಲಬ್ 2010ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ ಕೊನೆಯ ನಾಲ್ಕರ ಘಟ್ಟಕ್ಕೆ ಹೋಗಿತ್ತು. ಊರಲ್ಲಿ ಒಂದು ಗಟ್ಟಿ ಕ್ಲಬ್, ಗಡಿ ದಾಟಿದರೆ ಇಟಲಿ, ಆಚೆಗೆ ಪೋಲೆಂಡ್. ಈ ಆಟಕ್ಕೆ ಪ್ರಪಂಚದಲ್ಲೇ ಅತಿ ಗಟ್ಟಿ ಲೀಗ್ ಇರುವುದು ಈ ಎರಡು ದೇಶದಲ್ಲೇ. ಸ್ವಲ್ಪ ಕಸುವು ಕಂಡ ಹುಡುಗ ಅಲ್ಲಿಗೆ ಹೋಗಿಬಿಡುತ್ತಾನೆ, ವರ್ಷವಿಡೀ ಒಳ್ಳೊಳ್ಳೆ ಬ್ಲಾಕರ್‌ಗಳ ಎದುರು ಹೊಡೆದು, ಬೇಸಿಗೆಯಲ್ಲಿ ದೇಶದ ಜೆರ್ಸಿ ಹಾಕುತ್ತಾನೆ. ಬಹುಕಾಲ ಕ್ಯಾಪ್ಟನ್ ಆಗಿದ್ದ ಟಿನೆ ಉರ್ನೌಟ್ ಹಾಗೇ ಬೆಳೆದವರು, ಕ್ಲೆಮೆನ್ ಚೆಬುಲ್ ಕೂಡ. ಈಗಿನ ರೋಕ್ ಮೊಜಿಚ್, 2002ರಲ್ಲಿ ಹುಟ್ಟಿದ ಹುಡುಗ, ಚಿಕ್ಕ ವಯಸ್ಸಿಗೇ ಇಟಲಿಯ ವೆರೋನಾ ಕ್ಲಬ್‌ಗೆ ಹೋದ.

ಕೋಚ್‌ಗಳನ್ನೂ ಹೊರಗಿಂದಲೇ ತಂದರು. 2015ರಲ್ಲಿ ಬೆಳ್ಳಿ ತಂದುಕೊಟ್ಟದ್ದು ಇಟಲಿಯ ಆಂದ್ರೆಯಾ ಜಾನಿ. ಅದೇ ಜಾನಿ 2024ರಲ್ಲಿ ಫ್ರಾನ್ಸ್‌ಗೆ ಒಲಿಂಪಿಕ್ ಚಿನ್ನ ಗೆಲ್ಲಿಸಿದರು.

ಇನ್ನು ಚಿನ್ನದ ಮಾತು. 2015ರ ಬೆಳ್ಳಿ ಟೀಮಿನಲ್ಲಿದ್ದ ಉರ್ನೌಟ್, ಚೆಬುಲ್, ಪಾಯೆಂಕ್, ಲಿಬೆರೊ (ಹಿಂದೆ ನಿಂತು ಚೆಂಡು ತೆಗೆಯುವವನು) ಕೊವಾಚಿಚ್ ಇವರೇ ಒಂಬತ್ತು ವರ್ಷ ಆದ ಮೇಲೆ 2024ರಲ್ಲೂ ಟೀಮಿನ ಬೆನ್ನೆಲುಬಾಗಿದ್ದರು. ಒಟ್ಟಿಗೆ ಆಡಿ ಆಡಿ ಕಣ್ಣು ಮುಚ್ಚಿದರೂ ಚೆಂಡು ಎಲ್ಲಿಗೆ ಬರುತ್ತದೆ ಅಂತ ಗೊತ್ತಿರುತ್ತದೆ, ಲಿಫ್ಟರ್ ಆದವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಆದರೆ ಹದಿನೈದು ದಿನದ ಟೂರ್ನಿಯಲ್ಲಿ ಕೊನೆಯ ಎರಡು ಮ್ಯಾಚ್ ಬರುವಾಗ ಕಾಲು ಭಾರ ಆಗಿರುತ್ತದೆ. ಪೋಲೆಂಡ್ ಆಗ ಬೆಂಚಿನಿಂದ ಇನ್ನೊಬ್ಬ ಸ್ಟಾರ್ ಆಟಗಾರನನ್ನು ಇಳಿಸುತ್ತದೆ. ಸ್ಲೊವೇನಿಯಾ ಇಳಿಸಬೇಕಾದವನು ಆಗಲೇ ಕೋರ್ಟ್‌ನಲ್ಲಿರುತ್ತಾನೆ. ನನ್ನ ಪ್ರಕಾರ ಉತ್ತರ ಇಷ್ಟೇ.

ವ್ರೊತ್ಸ್ವಾಫ್_ಕನ್ನಡಿಗ

ನಾನು ಕೆಲಸಕ್ಕೆ ಅಂತ ಪೋಲೆಂಡ್‌ಗೆ ಬಂದು ಕೆಲವು ವರ್ಷ ಆಯಿತು. ಇಲ್ಲಿ ವಾಲಿಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಆಫೀಸಿನಲ್ಲಿ ಸ್ಲೊವೇನಿಯಾ ಹೆಸರು ಎತ್ತಿದರೆ ಎಲ್ಲರ ಮುಖ ಸಪ್ಪೆ ಆಗುವ ಕಾಲ ಒಂದಿತ್ತು. ಯಾಕೆ ಅಂತ ಕೇಳಿ. ಯುರೋಪಿಯನ್ ಚಾಂಪಿಯನ್‌ಶಿಪ್‌ನಿಂದ ಪೋಲೆಂಡ್ ಸತತ ನಾಲ್ಕು ಸಲ ಹೊರಬಿದ್ದದ್ದು ಈ ಒಂದೇ ಟೀಮಿನ ಕೈಯಲ್ಲಿ. 2015ರ ಕ್ವಾರ್ಟರ್ ಫೈನಲ್, 2017ರಲ್ಲಿ ಪೋಲೆಂಡ್‌ನದೇ ಕ್ರಾಕುಫ್‌ನಲ್ಲಿ 3-0, 2019ರ ಸೆಮಿಫೈನಲ್ ಲುಬ್ಲಿಯಾನಾದಲ್ಲಿ, 2021ರ ಸೆಮಿಫೈನಲ್ ಕತೋವಿಟ್ಸೆಯಲ್ಲಿ. ನಾಲ್ಕೂ ಸಲ ಪೋಲೆಂಡ್ ಹಾಲಿ ವಿಶ್ವ ಚಾಂಪಿಯನ್ ಆಗಿತ್ತು!

2021ರ ಆ ಶನಿವಾರ ಮತ್ತು ಭಾನುವಾರ ಎರಡು ದಿನವೂ ನಾನು ಕತೋವಿಟ್ಸೆಯ ಸ್ಪೋಡೆಕ್ ಒಳಾಂಗಣದಲ್ಲಿದ್ದೆ. ಸ್ಪೋಡೆಕ್ ಅಂದರೆ ಪೋಲಿಷ್‌ನಲ್ಲಿ ಸಾಸರ್, ಕಟ್ಟಡವೂ ಹಾರುವ ತಟ್ಟೆಯ ಹಾಗೇ ಇದೆ. ಸೆಮಿಫೈನಲ್‌ನ ಮೊದಲ ಸೆಟ್ ಪೋಲೆಂಡ್ ಆರಾಮಾಗಿ ಗೆದ್ದಿತು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ನನ್ನ ಬೆನ್ನು ತಟ್ಟಿ ಇವತ್ತು ನಮ್ಮದೇ ಅಂದರು. ಎರಡನೇದು 32-30ಕ್ಕೆ ಸ್ಲೊವೇನಿಯಾ, ಮೂರನೇದೂ ಸ್ಲೊವೇನಿಯಾ. ನಾಲ್ಕನೇ ಸೆಟ್ ಮುಗಿಯುವುದೇ ಇಲ್ಲ ಅಂತ ಕಂಡಿತು, ಸೆಟ್ ಪಾಯಿಂಟ್ ಈ ಕಡೆ, ಮ್ಯಾಚ್ ಪಾಯಿಂಟ್ ಆ ಕಡೆ, 30 ದಾಟಿತು, 35 ಆಯಿತು, ಇಡೀ ಸ್ಟೇಡಿಯಂ ಎದ್ದು ನಿಂತು ಕೂಗುತ್ತಿದೆ, ಕೋರ್ಟ್‌ನಲ್ಲಿರುವ ಸ್ಲೊವೇನಿಯಾದ ಆ ಆರು ಜನ ಮಾತ್ರ ತಮ್ಮ ಊರ ಮೈದಾನದಲ್ಲಿ ಆಡಿದ ಹಾಗೆ ಆಡುತ್ತಿದ್ದಾರೆ. ಕೊನೆಗೆ 37-35ಕ್ಕೆ ಸ್ಲೊವೇನಿಯಾ. ಒಂದು ಕ್ಷಣ ಮೌನ, ಆಮೇಲೆ ಅದೇ ಅಜ್ಜ ಎದ್ದು ಚಪ್ಪಾಳೆ ಹೊಡೆದರು.

ಮರುದಿನ ಇಟಲಿ ಎದುರು ಫೈನಲ್. ಎರಡು ಸಲ ಸ್ಲೊವೇನಿಯಾ ಮುಂದಿತ್ತು, 1-0 ಮತ್ತು 2-1. ಐದನೇ ಸೆಟ್ 15-11ಕ್ಕೆ ಇಟಲಿಗೆ ಹೋಯಿತು. ಲಿಫ್ಟರ್ ಅಣ್ಣ ಹೇಳಿದ ಕಾಲು ಭಾರದ ಮಾತು ನೂರಕ್ಕೆ ನೂರು ನಿಜ, ಕಣ್ಣಾರೆ ನೋಡಿದ್ದೇನೆ. ಹಿಂದಿನ ರಾತ್ರಿಯ 37-35 ಆ ಐದನೇ ಸೆಟ್‌ನಲ್ಲಿ ಕಾಣುತ್ತಿತ್ತು. ಇಟಲಿಯವರು ಹೆಚ್ಚಿನವರು ಹೊಸ ಹುಡುಗರು, ಇಪ್ಪತ್ತರ ಆಸುಪಾಸಿನ ಮಿಕಿಯೆಲೆಟ್ಟೋ ಅಂಥವರು, ಜಿಗಿತ ಕಡಿಮೆಯೇ ಆಗಲಿಲ್ಲ.

ಪಿಟಿ_ಮೇಡಂ_ಹಾಸನ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜನ ಕಡಿಮೆ, ಅದಕ್ಕೆ ಚಿನ್ನ ಇಲ್ಲ ಅಂತ ಮಕ್ಕಳಿಗೆ ಹೇಳಬೇಡಿ. ಇದೇ ಸ್ಲೊವೇನಿಯಾ 2017ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಯುರೋಪ್ ಚಾಂಪಿಯನ್ ಆಗಿದೆ. ಅವರಿಗೂ ಅಷ್ಟೇ ಜನ, ಅಷ್ಟೇ ಬೆಂಚ್. ಅದೂ ಅಲ್ಲದೆ ಆ 21 ಲಕ್ಷದಲ್ಲೇ ಹ್ಯಾಂಡ್‌ಬಾಲ್, ಸ್ಕೀ, ಸೈಕಲ್ ಎಲ್ಲದಕ್ಕೂ ಮಕ್ಕಳು ಹಂಚಿಹೋಗುತ್ತಾರೆ, ಸೈಕಲ್ ಚಾಂಪಿಯನ್ ಪೊಗಾಚಾರ್ ಕೂಡ ಅಲ್ಲಿಯವರೇ. ಅಷ್ಟರ ಮೇಲೂ ವಾಲಿಬಾಲ್‌ಗೆ ಇಂಥ ಟೀಮ್ ಸಿಕ್ಕಿದೆ.

ವಾಲಿಬಾಲ್‌ನಲ್ಲಿ ಒಬ್ಬನೇ ಗೆಲ್ಲಿಸಲು ಆಗುವುದಿಲ್ಲ, ಅಲ್ಲೇ ಇರುವುದು ಕಷ್ಟ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಕೈಯಲ್ಲಿ ಇಟ್ಟುಕೊಂಡು ಒಬ್ಬ ಆಟ ತಿರುಗಿಸಬಹುದು. ಇಲ್ಲಿ ಚೆಂಡು ಹಿಡಿದು ಇಟ್ಟುಕೊಳ್ಳುವ ಹಾಗೇ ಇಲ್ಲ. ಎದುರಿನವರ ಸರ್ವಿಸ್ ತೆಗೆಯುವವನು ಎಡವಿದರೆ ಎಂಥ ಅಟ್ಯಾಕರ್ ಇದ್ದರೂ ಅವನಿಗೆ ಕೆಟ್ಟ ಚೆಂಡೇ ಬರುವುದು. ಹಾಗಾಗಿ ಆರು ಜಾಗಕ್ಕೂ ಆರು ಗಟ್ಟಿ ಆಟಗಾರರು ಬೇಕು, ಅದೂ ಒಂದೇ ಕಾಲಕ್ಕೆ.

ಮತ್ತೆ ಪ್ಯಾರಿಸ್ ಒಲಿಂಪಿಕ್ಸ್ ಮಾತನ್ನು ಯಾರೂ ಎತ್ತಲಿಲ್ಲ! 2024ರಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದವರು. ಕೆನಡಾ, ಸರ್ಬಿಯಾ ಎರಡನ್ನೂ ಸೋಲಿಸಿ, ಕೊನೆಗೆ ಫ್ರಾನ್ಸನ್ನು ಅವರದೇ ಊರಲ್ಲಿ 3-2ಕ್ಕೆ ಸೋಲಿಸಿ ಗುಂಪಿನಲ್ಲಿ ಮೊದಲಿಗರಾದರು. ಆ ಫ್ರಾನ್ಸ್ ಆಮೇಲೆ ಚಿನ್ನ ಗೆದ್ದಿತು, ಇಡೀ ಒಲಿಂಪಿಕ್ಸ್‌ನಲ್ಲಿ ಅವರು ಸೋತ ಒಂದೇ ಮ್ಯಾಚ್ ಇದು. ಉರ್ನೌಟ್‌ಗೆ ಆಗ 35 ವರ್ಷ. ಆ ವಯಸ್ಸಿಗೆ ಮೊದಲ ಒಲಿಂಪಿಕ್ಸ್ ಆಡುವುದು ಅಂದರೆ ಎಷ್ಟು ವರ್ಷದ ಕಾಯುವಿಕೆ ಯೋಚಿಸಿ. ನನಗಂತೂ ಆ ದಿನ ಕಣ್ಣಲ್ಲಿ ನೀರು ಬಂತು.

ವ್ರೊತ್ಸ್ವಾಫ್_ಕನ್ನಡಿಗ

ಹೌದು ಮೇಡಂ, ಆದರೆ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಮತ್ತೆ ಪೋಲೆಂಡ್. 3-1ಕ್ಕೆ ಪೋಲೆಂಡ್ ಗೆದ್ದಿತು. ಅದಕ್ಕೂ ಮೊದಲು 2023ರ ಯುರೋಪಿಯನ್ ಚಾಂಪಿಯನ್‌ಶಿಪ್ ಸೆಮಿಯಲ್ಲೂ ಪೋಲೆಂಡ್ 3-1. ಇಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಪ್ಯಾರಿಸ್‌ನಲ್ಲಿ ಗುಂಪಿಗೇ ಮೊದಲ ಸ್ಥಾನ ಬಂದು ಸ್ಲೊವೇನಿಯಾಗೆ ಸಿಕ್ಕ ಬಹುಮಾನ ಆ ಪೋಲೆಂಡ್ ಮ್ಯಾಚ್, ನನಗೆ ಬಹಳ ಬೇಸರ ಆಯಿತು.

ಲಿಫ್ಟರ್_7

ಮೇಡಂ, ನೀವು ಹೇಳಿದ್ದು ಒಪ್ಪುತ್ತೇನೆ. ಜನಸಂಖ್ಯೆ ಅಂತ ಹೇಳಿದ್ದಕ್ಕಿಂತ, ಆರು ಜನ ಒಂದೇ ಕಾಲಕ್ಕೆ ಸಿಗಬೇಕು ಅಂತ ನೀವು ಹೇಳಿದ್ದೇ ಸರಿ. ಅವರಿಗೆ ಅದು ಒಂದು ಸಲ ಸಿಕ್ಕಿತು, ಸಿಕ್ಕಿದ್ದನ್ನು ಹತ್ತು ವರ್ಷ ಉಳಿಸಿಕೊಂಡರು. ಇನ್ನು ಮೊಜಿಚ್ ಸುತ್ತ ಹೊಸ ಆರು ಕೂಡಬೇಕು. 2025ರಲ್ಲೂ ನೇಷನ್ಸ್ ಲೀಗ್ ಸೆಮಿ ತಲುಪಿದ್ದಾರೆ ಅಂದರೆ ಕೂಡುತ್ತಿದೆ ಅಂತಲೇ ನನ್ನ ನಂಬಿಕೆ.

ಕಡಬ_ಕೋರ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ಮಾರಾಯ್ರೆ. ನಿನ್ನೆ ಹುಡುಗರನ್ನು ಕೂರಿಸಿ ಇದನ್ನೆಲ್ಲ ಓದಿ ಹೇಳಿದೆ. ಪ್ರಶ್ನೆ ಕೇಳಿದವನು ನಮ್ಮ ಟೀಮಿನ ಲಿಬೆರೊ, ಎತ್ತರ ಕಡಿಮೆ ಅಂತ ಯಾವಾಗಲೂ ಹಿಂದೆ ನಿಲ್ಲುವವನು. ಸರ್ವಿಸ್ ತೆಗೆಯುವವನು ಎಡವಿದರೆ ಯಾರಿದ್ದರೂ ಪ್ರಯೋಜನ ಇಲ್ಲ ಅನ್ನುವ ಮೇಡಂ ಮಾತನ್ನು ಎರಡು ಸಲ ಓದಿಸಿಕೊಂಡ. ಮುಂದಿನ ತಿಂಗಳು ಇಲ್ಲಿ ಹೊನಲು ಬೆಳಕಿನ ಪಂದ್ಯಾಟ ಇದೆ. ಅದಕ್ಕೆ ಮೊದಲು ಒಂದು ಭಾನುವಾರ ಇವರಿಗೆ ಒಂದು ಮ್ಯಾಚ್ ಪೂರ್ತಿ ತೋರಿಸಬೇಕು ಅಂತಿದ್ದೇನೆ. 2021ರ ಸೆಮಿಯೋ, ಪ್ಯಾರಿಸ್‌ನ ಫ್ರಾನ್ಸ್ ಮ್ಯಾಚೋ?

ಪಿಟಿ_ಮೇಡಂ_ಹಾಸನ

ಫ್ರಾನ್ಸ್ ಮ್ಯಾಚ್ ಐದು ಸೆಟ್, ಮಕ್ಕಳು ಏಳದೆ ಕೂರುತ್ತಾರೆ. 2021ರ ಸೆಮಿಯ ಆ ನಾಲ್ಕನೇ ಸೆಟ್ ಮಾತ್ರ ಪಂದ್ಯಾಟದ ಹಿಂದಿನ ರಾತ್ರಿ ತೋರಿಸಿ. ಮತ್ತೆ ನಿಮ್ಮ ಲಿಬೆರೊಗೆ ಕೊವಾಚಿಚ್ ಎಲ್ಲಿ ನಿಲ್ಲುತ್ತಾರೆ ಅಂತ ನೋಡಲು ಹೇಳಿ, ಚೆಂಡನ್ನಲ್ಲ, ಅವರ ಕಾಲನ್ನು.