ಓದುಗರ ಸ್ಪಂದನ: ಒಲೆ ಹೊತ್ತಿಸುವ ಅಧಿಕಾರವಿಲ್ಲದ ಬಾಣಸಿಗ

(ಕುಂದಾಪುರ ಮೂಲದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೇಳಿಕೊಂಡ ಸಮಸ್ಯೆ: ನ್ಯೂಯಾರ್ಕಿನ ಕೋಷರ್ (ಯಹೂದಿ ಆಹಾರ ನಿಯಮಗಳನ್ನು ಪಾಲಿಸುವ) ಕೇಟರಿಂಗ್ ಸಂಸ್ಥೆಯೊಂದರಲ್ಲಿ ಬಾಣಸಿಗನಾಗಿದ್ದೇನೆ. ಮುಖ್ಯ ಬಾಣಸಿಗನ ಹುದ್ದೆ ಕೊಡಲು ಮುಂದಾಗಿದ್ದಾರೆ. ಆದರೆ ನಾನು ಯಹೂದಿಯಲ್ಲದ ಕಾರಣ, ಮಶ್ಗಿಯಾಖ್ ಎಂಬ ಧಾರ್ಮಿಕ ಮೇಲ್ವಿಚಾರಕರೇ ಬಂದು ಒಲೆ ಹೊತ್ತಿಸಬೇಕು. ಇದು ಅಸ್ಪೃಶ್ಯತೆಯಲ್ಲವೇ? ಈ ವೃತ್ತಿಯಲ್ಲೇ ಮುಂದುವರಿಯಲೇ?)

ಜಾತಿಯ ಹೆಸರಿನಲ್ಲಿ ಅಡುಗೆಮನೆಯ ಬಾಗಿಲು ಮುಚ್ಚುವುದನ್ನು ಕಂಡು ಬೆಳೆದ ನಮಗೆ ಈ ಅನುಮಾನ ಬರುವುದು ಸಹಜ. ಆದರೆ ನೀವು ಮುಟ್ಟಿದ ಪಾತ್ರೆಯಾಗಲಿ, ಹೆಚ್ಚಿದ ತರಕಾರಿಯಾಗಲಿ ಅಲ್ಲಿ ಮೈಲಿಗೆಯಾಗುವುದಿಲ್ಲ. ಪೂರ್ತಿಯಾಗಿ ಅನ್ಯಧರ್ಮೀಯರೇ ಬೇಯಿಸಿದ ಅಡುಗೆ ಬೇಡವೆಂದು ಹಿಂದಿನ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಕಟ್ಟು ಮಾಡಿದ್ದು, ಊಟದ ಸಲುಗೆ ಮದುವೆ ಸಂಬಂಧದವರೆಗೆ ಬೆಳೆದೀತೆಂಬ ಆತಂಕದಿಂದ. ವೈನ್ ಮಾತ್ರ ಬೇರೆ: ‘ಮೆವುಶಲ್’ ಎಂದು ನಮೂದಿಸಿರದ, ಅಂದರೆ ಬಿಸಿಮಾಡಿರದ ವೈನನ್ನು ನೀವು ಬಡಿಸುವಂತಿಲ್ಲ; ಇದು ನೋಯಿಸಿದರೆ ನಾನು ವಾದಿಸಲಾರೆ. ಇನ್ನು ಅಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿಗಳ ಪದ್ಧತಿಯಲ್ಲಿ ಯಹೂದಿಯೊಬ್ಬರು ಬೆಂಕಿ ಹೊತ್ತಿಸಿಕೊಟ್ಟರೆ ಮುಂದಿನದೆಲ್ಲ ನಿಮ್ಮದೇ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಪದ್ಧತಿಯವರು ಪಾತ್ರೆಯನ್ನು ಒಲೆಯ ಮೇಲಿಡುವುದಕ್ಕೂ ಯಹೂದಿಯೇ ಬೇಕೆನ್ನುತ್ತಾರೆ. ಕೋಷರ್ ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದನ್ನು ಅನುಸರಿಸುತ್ತದೆ, ಓವನ್ ನಡುವೆ ಆರಿದರೆ ಯಾರು ಹೊತ್ತಿಸಬೇಕು ಎಂಬುದನ್ನು ಹುದ್ದೆ ಒಪ್ಪುವ ಮೊದಲೇ ಮಾತಾಡಿಕೊಳ್ಳಿ. ಮದುವೆಯ ಊಟ ಬಡಿಸುವ ಹೊತ್ತಿಗೆ ಮೇಲ್ವಿಚಾರಕರ ದಾರಿ ಕಾಯುತ್ತ ನಿಲ್ಲುವಂತಾಗಬಾರದು.
— ಕೇಟರಿಂಗ್ ವ್ಯವಸ್ಥಾಪಕಿ, ನ್ಯೂಜೆರ್ಸಿ

ನಾನು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಮಂಗಳೂರಿನವಳು. ನಾನಿರುವ ಮನೆಯ ಅಜ್ಜಿ ಪ್ರತಿ ಮೊಟ್ಟೆಯನ್ನೂ ಮೊದಲು ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆಯಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಬಾಣಲೆಗೆ ಹಾಕುತ್ತಾರೆ. ಕೊತ್ತಂಬರಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಎಲೆ ಎಲೆಯಾಗಿ ಹುಳು ಹುಡುಕುತ್ತಾರೆ. ಒಲೆಯ ಗುಂಡಿ ತಿರುಗಿಸಲು ಮಂಡಿನೋವಿನಲ್ಲೂ ತಾವೇ ಎದ್ದು ಬರುತ್ತಾರೆ, ಆಮೇಲೆ ಸೌಟು ನನ್ನ ಕೈಗೆ ಕೊಡುತ್ತಾರೆ. ನನಗೆ ಒಮ್ಮೆಯೂ ಅವಮಾನವೆನಿಸಿಲ್ಲ.
— ಓದುಗರು, ಹೈಫಾ

ಹುದ್ದೆಯ ಮಾತು ಹಾಗಿರಲಿ, ಈ ಅಡುಗೆ ನಿಮಗೆ ಒಗ್ಗುವುದೇ ಎಂದು ನೋಡಿ. ಕೋಷರ್ ನಿಯಮದಂತೆ ಮಾಂಸವೂ ಹಾಲಿನ ಪದಾರ್ಥವೂ ಬೆರೆಯುವಂತಿಲ್ಲ; ಮಾಂಸದ ಊಟದಲ್ಲಿ ಬೆಣ್ಣೆ, ಕೆನೆ, ತುಪ್ಪ ಒಂದು ಹನಿಯೂ ಸಲ್ಲದು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದವರು ಇಲ್ಲಿಯೇ ತಡಕಾಡುತ್ತಾರೆ. ತೆಂಗಿನ ಹಾಲಿನಲ್ಲಿ ಗಸಿ ಮಾಡಿ ಬೆಳೆದ ಕರಾವಳಿಯವರಿಗೆ ಅದು ಕಷ್ಟವಲ್ಲ. ಕೊಚ್ಚಿಯ ಯಹೂದಿಗಳೂ ಕೊಂಕಣ ತೀರದ ಬೆನೆ ಇಸ್ರೇಲಿ ಎಂಬ ಯಹೂದಿಗಳೂ ತಲೆಮಾರುಗಳಿಂದ ಮಾಂಸದ ಸಾರಿಗೆ ತೆಂಗಿನ ಹಾಲನ್ನೇ ಬಳಸಿದ್ದಾರೆ. ಅವರ ಅಡುಗೆಗಳನ್ನು ಕಲಿತು ನಿಮ್ಮ ಮೆನುವಿಗೆ ತಂದರೆ ನ್ಯೂಯಾರ್ಕಿನಲ್ಲಿ ನಿಮಗೊಂದು ಪ್ರತ್ಯೇಕ ಹೆಸರು ಬರಬಹುದು.

ನಿಜವಾದ ಪರೀಕ್ಷೆ ಪೆಸಾಖ್ ಹಬ್ಬ; ಹುಳಿಬಂದ ಧಾನ್ಯದ ಆಹಾರವನ್ನು ಯಹೂದಿಗಳು ಪೂರ್ತಿ ದೂರವಿಡುವ ಹಬ್ಬವಿದು. ಇಸ್ರೇಲಿನ ಹೊರಗೆ ಅದು ಎಂಟು ದಿನ. ಇಡೀ ಅಡುಗೆಮನೆಯನ್ನು ಉಜ್ಜಿ, ಕುದಿನೀರು ಹಾಯಿಸಿ ಹೊಸದಾಗಿ ಅಣಿಮಾಡಬೇಕು. ಗೋಧಿ ಹಿಟ್ಟು ಬೆರೆಸಿದ ಇಂಗು ಕೂಡ ಒಳಗೆ ಬರುವಂತಿಲ್ಲ. ಸಾಂಪ್ರದಾಯಿಕ ಅಶ್ಕೆನಾಜಿ ಮನೆತನಗಳಿಗೆ ಅಕ್ಕಿಬೇಳೆಯೂ ಇಲ್ಲ. ಆ ಹಬ್ಬ ಮುಗಿಯುವವರೆಗೆ ಹುದ್ದೆಯನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳುತ್ತೇನೆಂದು ಕೇಳಿ ನೋಡಿ. ಆಮೇಲೂ ಒಲೆಯ ಮುಂದೆ ಮನಸ್ಸು ಮುದುಡುತ್ತಿದ್ದರೆ ಬೇರೆ ಅಡುಗೆಮನೆ ಹುಡುಕಿಕೊಳ್ಳಿ. ಸಂಬಳಕ್ಕಾಗಿ ಆ ನೋವನ್ನು ನುಂಗಿಕೊಳ್ಳಬೇಡಿ.
— ಹೋಟೆಲ್ ಮ್ಯಾನೇಜ್‌ಮೆಂಟಿನ ನಿವೃತ್ತ ಬೋಧಕ, ಮೈಸೂರು