ಬೆಂಗಳೂರು–ಮಂಗಳೂರು ವಿಮಾನ: 306 ಕಿ.ಮೀ.ಗೆ ಒಂದು ಗಂಟೆ ಯಾಕೆ ಬೇಕು?

ಪ್ರಶ್ನೆ
ಜುಲೈನಲ್ಲಿ ಒಂದು ದಿನ ಬೆಳಗ್ಗೆ 11ಕ್ಕೆ ಮಂಗಳೂರಿನ ಹಂಪನಕಟ್ಟೆಯಲ್ಲಿರಬೇಕು. ಹೊರಡೋದು ಜಯನಗರದಿಂದ. ದೂರ ಒಂದು ಕಡೆ 306 ಕಿ.ಮೀ. ಅಂತಿದೆ, ಇನ್ನೊಂದು ಕಡೆ 350. ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ, ಹಾರೋದು ಮಾತ್ರ ಮುಕ್ಕಾಲು ಗಂಟೆ ಅಂತಾರೆ. ಯಾವುದನ್ನ ಲೆಕ್ಕಕ್ಕೆ ಹಿಡೀಬೇಕು? ಅವತ್ತೇ ಬೆಳಗ್ಗೆ ವಿಮಾನ ಹತ್ತಿದರೆ ಸಾಕಾ?

ಉತ್ತರ 1
ಎರಡೂ ಸರಿ. 350 ಅಂದರೆ ಶಿರಾಡಿ ಘಾಟಿ ರಸ್ತೆ. 306 ಅಂದರೆ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ. ನೀವೇ ಗುಣಿಸಿ ನೋಡಿ: ದೇವನಹಳ್ಳಿ ನಿಲ್ದಾಣದ ರೇಖಾಂಶ 77.71, ಬಜ್ಪೆಯದು 74.89, ವ್ಯತ್ಯಾಸ 2.82 ಡಿಗ್ರಿ. ನಮ್ಮ 13ನೇ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ.

ಟಿಕೆಟ್‌ನಲ್ಲಿರೋದು ಹಾರಾಟದ ಸಮಯ ಅಲ್ಲ. ವಿಮಾನ ನಿಂತ ಜಾಗ ಬಿಟ್ಟು, ಆ ಕಡೆ ಹೋಗಿ ನಿಲ್ಲೋವರೆಗಿನ ಹೊತ್ತು. ದೇವನಹಳ್ಳಿಯಲ್ಲಿ ರನ್‌ವೇ ತನಕ ಉರುಳಿ, ಸರದಿ ಕಾಯೋದಕ್ಕೇ 15–20 ನಿಮಿಷ ಹೋಗಬಹುದು. ಎಟಿಆರ್ (ರೆಕ್ಕೆ ಮೇಲೆ ಪ್ರೊಪೆಲರ್ ತಿರುಗೋ ಸಣ್ಣ ವಿಮಾನ) ಆದರೆ ಗಂಟೆಗೆ ಸುಮಾರು 500 ಕಿ.ಮೀ. ವೇಗ. ಜೆಟ್ 800 ಮುಟ್ಟುತ್ತೆ, ಆದರೆ ಇಷ್ಟು ಹತ್ತಿರದ ಊರಿಗೆ ಆ ವೇಗ ಹಿಡಿಯೋಷ್ಟರಲ್ಲಿ ಇಳಿಯೋ ಹೊತ್ತಾಗಿರುತ್ತೆ. ಅದಕ್ಕೇ ಎರಡರ ನಡುವೆ ಉಳಿಯೋದು ಹತ್ತು ನಿಮಿಷ ಅಷ್ಟೆ.

ಗಾಳಿಯೂ ಲೆಕ್ಕಕ್ಕೆ ಬರುತ್ತೆ. ಮಳೆಗಾಲದ ಪಡುವಣ ಗಾಳಿಗೆ ವಿಮಾನ ಪಶ್ಚಿಮಕ್ಕೇ ಏರುತ್ತೆ, ಅದೇ ಮಂಗಳೂರಿನ ದಿಕ್ಕು. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದರೆ ಪೂರ್ವಕ್ಕೆ ಏರಿ, ಸುತ್ತು ಹಾಕಿ ತಿರುಗಬೇಕು.

ಉತ್ತರ 2
ಮನೆಯಿಂದ ಲೆಕ್ಕ ಹಾಕಿ. 7.30ರ ವಿಮಾನ ಅಂದುಕೊಳ್ಳಿ. ಬ್ಯಾಗ್ ಕೊಡೋ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು, ಅಂದರೆ 6.30ಕ್ಕೆ ಮುಚ್ಚುತ್ತೆ. ಆರಕ್ಕೆ ಅಲ್ಲಿರಬೇಕು, ಜಯನಗರ 4.30ಕ್ಕೆ ಬಿಡಬೇಕು. 8.35ಕ್ಕೆ ಬಜ್ಪೆ, ಬ್ಯಾಗ್ ಸಿಗೋಷ್ಟರಲ್ಲಿ 9. ಅಲ್ಲಿಂದ ಹಂಪನಕಟ್ಟೆಗೆ ಟ್ಯಾಕ್ಸಿಯಲ್ಲಿ 40–45 ನಿಮಿಷ. ಒಟ್ಟು ಐದೂಕಾಲು ಗಂಟೆ. 7 ಕೆ.ಜಿ. ಒಳಗಿನ ಕೈಚೀಲ ಒಂದೇ ಒಯ್ದರೆ ಎರಡೂ ಕಡೆ ಸಮಯ ಉಳಿಯುತ್ತೆ. ಟರ್ಮಿನಲ್ 1ಓ 2ಓ ಅನ್ನೋದನ್ನ ಹಿಂದಿನ ದಿನವೇ ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ಉತ್ತರ 3
ಲೆಕ್ಕ ಸರಿ, ಆದರೆ ತಿಂಗಳು ಜುಲೈ. ಬಜ್ಪೆ ರನ್‌ವೇ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು. ಮೋಡ ಅಲ್ಲೇ ಕೂತಾಗ, ನಿಗದಿತ ಎತ್ತರಕ್ಕೆ ಇಳಿದರೂ ರನ್‌ವೇ ದೀಪ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಸ್ವಲ್ಪ ಹೊತ್ತು ಸುತ್ತುತ್ತಾರೆ, ತಿಳಿಯಾಗದಿದ್ದರೆ ಬೆಂಗಳೂರಿಗೇ ವಾಪಸ್, ಇಲ್ಲವೇ ಕಣ್ಣೂರು, ಕೊಚ್ಚಿ. ಹಾಗಾದರೆ 11ರ ಕೆಲಸ ಕೈ ತಪ್ಪಿತು.

ರಾತ್ರಿ ಬಸ್ಸು ಏಳೆಂಟು ಗಂಟೆ, ಅದಕ್ಕೂ ಸಕಲೇಶಪುರ ದಾಟಿದ ಮೇಲೆ ದೋಣಿಗಲ್ ಹತ್ತಿರ ಗುಡ್ಡ ಕುಸಿಯೋ ಭಯ. ರೈಲಿಗೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿ ಅದೇ ಕಥೆ. ತಪ್ಪಿಸೋಕಾಗದ ಕೆಲಸವಾದರೆ ಹಿಂದಿನ ದಿನ ಮಧ್ಯಾಹ್ನದ ವಿಮಾನಕ್ಕೇ ಬುಕ್ ಮಾಡಿ. ಅದು ವಾಪಸ್ ಬಂದರೂ ರಾತ್ರಿ ಬಸ್ಸಿನ ದಾರಿ ಇನ್ನೂ ಉಳಿದಿರುತ್ತೆ.